ಕಾರ್ ಲೋನ್ ಮೂರು ಕಂತು ಬಾಕಿ, ಈ ವಾರ ಗಾಡಿ ಸೀಜ್ ಅಂತಿದಾರೆ. ಕೈಲಿರೋದು 20 ಸಾವಿರ, ಏನು ಮಾಡಬೇಕು?

ಕ್ಯಾತ್ಸಂದ್ರ_ಗೇಟ್ ಕೇಳಿದ್ದು · ಅಕ್ಟೋಬರ್ 12, 2025

ಎಲ್ಲರಿಗೂ ನಮಸ್ಕಾರ. 2023ರ ಮೇ ತಿಂಗಳಲ್ಲಿ ಒಂದು ಎನ್‌ಬಿಎಫ್‌ಸಿಯಿಂದ (ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿ) ತಗೊಂಡ ಕಾರ್ ಲೋನ್. 6 ಲಕ್ಷ, 60 ಕಂತು, ಫಿಕ್ಸೆಡ್ 10%, ತಿಂಗಳಿಗೆ 12,748 ರೂ. ವೈಟ್ ಬೋರ್ಡ್ ಗಾಡಿ. ಪ್ರತಿ ತಿಂಗಳು 5ನೇ ತಾರೀಕು ನ್ಯಾಚ್ (ಆಟೋ ಡೆಬಿಟ್) ಮೂಲಕ ಅಕೌಂಟಿಂದ ಹೋಗುತ್ತೆ. 26 ಕಂತು ತಪ್ಪದೆ ಹೋಗಿದೆ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರೂ ಬೌನ್ಸ್. ಕೆಲಸ ಬದಲಾಗಿದೆ, ಹೊಸ ಸಂಬಳ ನವೆಂಬರ್ 5-6ಕ್ಕೆ ಬರುತ್ತೆ.

ಕಲೆಕ್ಷನ್‌ನವರು ಫೋನ್ ಮಾಡಿ 48,500 ಒಂದೇ ಸಲ ಕಟ್ಟಿ, ಇಲ್ಲಾಂದ್ರೆ ಈ ವಾರ ಸೀಜಿಂಗ್‌ನವರನ್ನ ಕಳಿಸ್ತೀವಿ ಅಂತಾರೆ. ಈಗ ಇರೋದು 20,000. ಅದನ್ನ ಕಟ್ತೀನಿ ಅಂದ್ರೆ "ಪಾರ್ಶಿಯಲ್ ತಗೊಳಲ್ಲ, ಕಟ್ಟಿದ್ರೂ ಉಪಯೋಗ ಇಲ್ಲ" ಅಂತ ಹೇಳ್ತಿದಾರೆ. ನನ್ನ ಪ್ರಶ್ನೆ: ಇದು ನಿಜವಾ? 48,500 ಲೆಕ್ಕ ಸರಿನಾ (ಅಗ್ರಿಮೆಂಟಲ್ಲಿ ತಡವಾದ ಕಂತಿಗೆ ತಿಂಗಳಿಗೆ 2% ಪೀನಲ್, ಅಂದ್ರೆ ದಂಡ, ಅಂತಿದೆ)? ರಸ್ತೇಲಿ ಗಾಡಿ ನಿಲ್ಲಿಸಿದ್ರೆ ಏನು ಮಾಡಬೇಕು? ಲೋನ್ ಇರುವಾಗಲೇ ಗಾಡಿ ಮಾರೋಕೆ ಆಗುತ್ತಾ?

ಕಂತುಲೆಕ್ಕ

ಮೊದಲು ತಾರೀಕು ನೋಡೋಣ, ಯಾಕಂದ್ರೆ ನಿಮ್ಮ ವಿಷಯದಲ್ಲಿ ದುಡ್ಡಿಗಿಂತ ತಾರೀಕೇ ಮುಖ್ಯ.

ಬಾಕಿ ಎಷ್ಟು ಹಳೇದು ಅಂತ ಎಣಿಸೋದು ಕಟ್ಟದೆ ಉಳಿದ ಅತಿ ಹಳೇ ಕಂತಿನಿಂದ. ನಿಮ್ಮದು ಆಗಸ್ಟ್ 5. ಇವತ್ತಿಗೆ 68 ದಿನ. ಆರ್‌ಬಿಐ ಲೆಕ್ಕದಲ್ಲಿ ಬಾಕಿ ಬಿದ್ದ ಲೋನ್‌ಗೆ ಎಸ್‌ಎಂಎ ಅಂತ ಎಚ್ಚರಿಕೆ ಹಂತಗಳಿವೆ: 30 ದಿನದೊಳಗೆ ಎಸ್‌ಎಂಎ-0, ಅದು ದಾಟಿದ್ರೆ ಎಸ್‌ಎಂಎ-1, 60 ದಾಟಿದ್ರೆ ಎಸ್‌ಎಂಎ-2, 90 ದಾಟಿದ್ರೆ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ. ನೀವು ಅಕ್ಟೋಬರ್ 4ಕ್ಕೇ ಎಸ್‌ಎಂಎ-2 ಆಗಿದೀರಿ. ಹೀಗೇ ಬಿಟ್ರೆ ನವೆಂಬರ್ 3ರ ದಿನದಂತ್ಯಕ್ಕೆ ಎನ್‌ಪಿಎ. ಸಂಬಳ ಬರೋದು 5ಕ್ಕೆ. ಎರಡು ದಿನದಲ್ಲಿ ತಪ್ಪಿಹೋಗುತ್ತೆ.

ಎನ್‌ಪಿಎ ಆಗೋ ಮುಂಚೆ ಕಟ್ಟೋದಕ್ಕೂ ಆಮೇಲೆ ಕಟ್ಟೋದಕ್ಕೂ ಬಹಳ ವ್ಯತ್ಯಾಸ. 2021ರ ನವೆಂಬರ್ 12ರ ಆರ್‌ಬಿಐ ಸುತ್ತೋಲೆ ಪ್ರಕಾರ ಒಂದು ಸಲ ಎನ್‌ಪಿಎ ಆದ ಲೋನ್, ಅಸಲು-ಬಡ್ಡಿಯ ಎಲ್ಲಾ ಬಾಕಿ ತೀರಿದ ಮೇಲಷ್ಟೇ ಮತ್ತೆ ಸ್ಟ್ಯಾಂಡರ್ಡ್ ಆಗೋದು. ಆಗ ಒಂದು ಕಂತು ಕಟ್ಟಿ ಪ್ರಯೋಜನ ಇಲ್ಲ. ಆದ್ರೆ 90 ದಿನದ ಒಳಗೆ ಒಂದು ಪೂರ್ತಿ ಕಂತು ಕಟ್ಟಿದ್ರೆ ಎಣಿಕೆ ಮುಂದಿನ ಕಂತಿಗೆ ಜಾರುತ್ತೆ. ಇವತ್ತು 12,748 ಕಟ್ಟಿ ಆಗಸ್ಟ್ ಕಂತು ತೀರಿತು ಅಂದ್ಕೊಳ್ಳಿ. ಹಳೇ ಬಾಕಿ ಸೆಪ್ಟೆಂಬರ್ 5 ಆಗುತ್ತೆ, 68 ದಿನ ಇದ್ದದ್ದು 37 ದಿನ ಆಗುತ್ತೆ, ಎನ್‌ಪಿಎ ಗಡುವು ಡಿಸೆಂಬರ್ 4ಕ್ಕೆ ಹೋಗುತ್ತೆ. "ಕಟ್ಟಿದ್ರೂ ಉಪಯೋಗ ಇಲ್ಲ" ಅನ್ನೋದು ಅಪ್ಪಟ ಸುಳ್ಳು.

ಇನ್ನೊಂದು. 2025ರ ಜನವರಿಯಿಂದ ಸಿಬಿಲ್‌ನಂಥ ಕ್ರೆಡಿಟ್ ಸ್ಕೋರ್ ಸಂಸ್ಥೆಗಳಿಗೆ ತಿಂಗಳಿಗೆ ಎರಡು ಸಲ, 15ನೇ ತಾರೀಕು ಮತ್ತು ತಿಂಗಳ ಕೊನೆಯ ದಿನದ ಸ್ಥಿತಿ ಹೋಗುತ್ತೆ. ಹಾಗಾಗಿ 15ರ ಒಳಗೆ ಜಮಾ ಆದ್ರೆ ಆ ದಿನದ ದಾಖಲೆಯಲ್ಲಿ 71 ದಿನದ ಬದಲು 40 ದಿನ ಬೀಳುತ್ತೆ. ನಾಳೆ ಸೋಮವಾರವೇ ಕಟ್ಟಿ.

ಉಳಿದ 7,252ನ್ನ ಈಗ ಹಾಕಬೇಡಿ. ಅರ್ಧ ಕಂತು ಎಣಿಕೆಯನ್ನ ಒಂದು ದಿನವೂ ಕದಲಿಸಲ್ಲ. ಅದಕ್ಕೆ 5,496 ಸೇರಿಸೋಕಾದ ದಿನ ಸೆಪ್ಟೆಂಬರ್ ಕಂತು ಪೂರ್ತಿ ಕಟ್ಟಿ. ನವೆಂಬರ್ 4ಕ್ಕೆ ಮುಂಚೆ ಆದ್ರೆ ಮತ್ತೆ ಎಸ್‌ಎಂಎ-2ಕ್ಕೆ ಬೀಳೋದೂ ತಪ್ಪುತ್ತೆ.

ಈಗ ಲೆಕ್ಕ. ಮೂರು ಕಂತು 38,244. ಪೀನಲ್: ಮೊದಲನೇ ಕಂತು 68 ದಿನ, ಎರಡನೇದು 37, ಮೂರನೇದು 7, ಒಟ್ಟು 112 ದಿನ. ತಿಂಗಳಿಗೆ 2% ಅಂದ್ರೆ ವರ್ಷಕ್ಕೆ 24%. 12,748 ಮೇಲೆ ದಿನಕ್ಕೆ 8 ರೂಪಾಯಿ 38 ಪೈಸೆ. 112 ದಿನಕ್ಕೆ ಸುಮಾರು 940. ಬೌನ್ಸ್ ಚಾರ್ಜ್ ತಲಾ 500 ಅಂತ ಹಿಡಿದ್ರೆ 1,500. ಎಲ್ಲ ಸೇರಿ 40,684. ಅವರು ಕೇಳ್ತಿರೋದು 48,500. ಮಧ್ಯದ 7,800 ಚಿಲ್ಲರೆ ಯಾವುದು ಅಂತ ಬಾಯಲ್ಲಿ ಕೇಳಬೇಡಿ, ಸ್ಟೇಟ್‌ಮೆಂಟ್ ಆಫ್ ಅಕೌಂಟ್ ಕಳಿಸಿ ಅಂತ ಇ-ಮೇಲ್ ಹಾಕಿ. ಬಹುಪಾಲು ಅದು ಇನ್ನೂ ನಡೆಯದ ಸೀಜಿಂಗ್‌ದು, ಲೀಗಲ್ ನೋಟಿಸ್‌ದು, ಇಲ್ಲಾ ಮನೆಗೆ ಬಂದಿದ್ದಕ್ಕೆ ಅಂತ ಹಾಕಿರೋ ಖರ್ಚು. ಅಗ್ರಿಮೆಂಟಿನ ಶುಲ್ಕದ ಪಟ್ಟಿಯಲ್ಲಿ ಇಲ್ಲದ್ದನ್ನ ಕಟ್ಟೋ ಅಗತ್ಯ ಇಲ್ಲ.

ಪೀನಲ್ ಬಗ್ಗೆ ಎರಡು ಮಾತು. ನಿಮ್ಮದು 2023ರ ಲೋನ್ ಆದ್ದರಿಂದ ಅಗ್ರಿಮೆಂಟಲ್ಲಿ "ಪೀನಲ್ ಇಂಟರೆಸ್ಟ್" ಅಂತ ಇರಬಹುದು. 2023ರ ಆಗಸ್ಟ್ 18ರ ಆರ್‌ಬಿಐ ಸುತ್ತೋಲೆ ಅದನ್ನ ನಿಲ್ಲಿಸಿದೆ. ಹೊಸ ಲೋನ್‌ಗಳಿಗೆ 2024ರ ಏಪ್ರಿಲ್ 1ರಿಂದ, ಹಳೇವಕ್ಕೆ ಜೂನ್ 30ರೊಳಗೆ ಬರೀ "ಪೀನಲ್ ಚಾರ್ಜ್" ಆಗಬೇಕಿತ್ತು. ಅದನ್ನ ಅಸಲಿಗೆ ಸೇರಿಸೋ ಹಾಗಿಲ್ಲ, ಅದರ ಮೇಲೆ ಮತ್ತೆ ಬಡ್ಡಿ ಹಾಕೋ ಹಾಗಿಲ್ಲ. ತಡವಾದ ಕಂತಿನ ಮೇಲಿನ ಮಾಮೂಲಿ 10% ಬಡ್ಡಿ ಮಾತ್ರ ನಡೀತಾ ಇರುತ್ತೆ, ಅದು ಬೇರೆ. ಪೀನಲ್ ಚಾರ್ಜ್ ಮೇಲೆ ಜಿಎಸ್‌ಟಿ ಇಲ್ಲ ಅಂತ 2025ರ ಜನವರಿಯಲ್ಲಿ ಸ್ಪಷ್ಟನೆ ಬಂದಿದೆ. ಸ್ಟೇಟ್‌ಮೆಂಟಲ್ಲಿ 18% ಸೇರಿಸಿದ್ರೆ ತೆಗೆಸಿ.

ಎರಡನೇ_ಬಕೆಟ್

ಕಂತುಲೆಕ್ಕ ಅವರು ಹೇಳಿದ್ದು ಸರಿ. ಕಲೆಕ್ಷನ್ ಕಡೆಯವರು ಯಾಕೆ ಹಾಗೆ ಮಾತಾಡ್ತಾರೆ ಅಂತ ಗೊತ್ತಿದ್ರೆ ಅವರ ಜೊತೆ ವ್ಯವಹರಿಸೋದು ಸುಲಭ.

ಅವರ ಕಡೆ ಬಾಕಿಯನ್ನ ಬಕೆಟ್ ಲೆಕ್ಕದಲ್ಲಿ, ಅಂದ್ರೆ ಎಷ್ಟು ಕಂತು ಬಾಕಿ ಅನ್ನೋ ಹಂತದ ಲೆಕ್ಕದಲ್ಲಿ ನೋಡ್ತಾರೆ. ಒಂದು ಕಂತು ಕಟ್ಟಿಸಿ ಅದೇ ಬಕೆಟ್‌ನಲ್ಲಿ ಉಳಿಸಿಕೊಂಡ್ರೆ "ಸ್ಟ್ಯಾಬ್", ಒಂದಕ್ಕಿಂತ ಹೆಚ್ಚು ಕಟ್ಟಿಸಿ ಹಿಂದಿನ ಬಕೆಟ್‌ಗೆ ಇಳಿಸಿದ್ರೆ "ರೋಲ್‌ಬ್ಯಾಕ್", ಪೂರ್ತಿ ತೀರಿಸಿದ್ರೆ "ನಾರ್ಮಲ್". ಹುಡುಗರಿಗೆ ಇನ್ಸೆಂಟಿವ್ ಇದರ ಮೇಲೇ. ನಾರ್ಮಲ್‌ಗೆ ಹೆಚ್ಚು, ಸ್ಟ್ಯಾಬ್‌ಗೆ ಕಮ್ಮಿ. ಅದಕ್ಕೇ ಮೊದಲು ಪೂರ್ತಿ ಕೇಳ್ತಾರೆ. ತಿಂಗಳ ಕೊನೆ ಬಂದಹಾಗೆ ಅದೇ ಮನುಷ್ಯ "ಒಂದಾದ್ರೂ ಹಾಕಿ ಸರ್" ಅಂತಾನೆ. ಅವನು ಒಪ್ಪಲಿ ಬಿಡಲಿ, ಕಂಪನಿ ಆ್ಯಪ್‌ನಲ್ಲೋ ವೆಬ್‌ಸೈಟ್‌ನಲ್ಲೋ ಲೋನ್ ನಂಬರ್ ಹಾಕಿ ನೀವೇ ಕಟ್ಟಬಹುದು. ಆ್ಯಪ್ ಪೂರ್ತಿ ಮೊತ್ತವನ್ನೇ ತೋರಿಸಿದ್ರೆ "ಅದರ್ ಅಮೌಂಟ್" ಆಯ್ಕೆ ನೋಡಿ. ಅದೂ ಇಲ್ಲಾಂದ್ರೆ ಬ್ರಾಂಚ್ ಕೌಂಟರ್. ಏಜೆಂಟನ ಸ್ವಂತ ನಂಬರ್‌ಗೆ ಯುಪಿಐ ಮಾಡಲೇಬೇಡಿ, ರಸೀದಿ ಇಲ್ಲದೆ ಕ್ಯಾಶ್ ಕೊಡಬೇಡಿ. ಹಾಗೆ ಕೊಟ್ಟ ದುಡ್ಡು ಲೋನ್ ಅಕೌಂಟಿಗೆ ಹೋಗಿದೆ ಅಂತ ಸಾಬೀತು ಮಾಡೋ ತಲೆನೋವು ಪೂರ್ತಿ ನಿಮ್ಮದೇ.

ಇಲ್ಲಿ ಎಡವೋದು ಹೆಚ್ಚಾಗಿ ಜಮಾ ಮಾಡ್ಕೊಳ್ಳೋ ಕ್ರಮದಲ್ಲಿ. ಕೆಲವು ಕಂಪನಿಗಳ ಸಿಸ್ಟಮ್ ಬಂದ ದುಡ್ಡನ್ನ ಮೊದಲು ಬೌನ್ಸ್, ಪೀನಲ್‌ಗೆ ಮುರ್ಕೊಂಡು ಉಳಿದದ್ದನ್ನ ಕಂತಿಗೆ ಹಾಕುತ್ತೆ. ಆಗ ನೀವು 12,748 ಹಾಕಿದ್ರೂ ಆಗಸ್ಟ್ ಕಂತು 2,440 ಕಮ್ಮಿ ಬಿದ್ದು, ಎಣಿಕೆ 68ರಲ್ಲೇ ನಿಲ್ಲುತ್ತೆ. ಆದ್ದರಿಂದ ಕಟ್ಟೋ ದಿನವೇ "ಈ ಮೊತ್ತ ಆಗಸ್ಟ್ ಕಂತಿಗೆ, ಶುಲ್ಕಗಳ ಬಗ್ಗೆ ಬೇರೆ ಮಾತಾಡೋಣ" ಅಂತ ಯುಟಿಆರ್ ನಂಬರ್ (ಪಾವತಿಯ ಗುರುತಿನ ನಂಬರ್) ಸಮೇತ ಇ-ಮೇಲ್ ಹಾಕಿ. ಎರಡು ದಿನ ಬಿಟ್ಟು ಸ್ಟೇಟ್‌ಮೆಂಟ್ ತೆಗೆದು ನೋಡಿ. ಶುಲ್ಕಕ್ಕೇ ಹೋಗಿದ್ರೆ, ಕಮ್ಮಿ ಬಿದ್ದದ್ದನ್ನ ಉಳಿದ 7,252ರಿಂದ ತುಂಬಿ, ಜಗಳ ಆಮೇಲೆ ಮಾಡಿ. ಎಣಿಕೆ ಕದಲೋದು ಮುಖ್ಯ. ಬೌನ್ಸ್, ಪೀನಲ್ ಎರಡನ್ನೂ ಮನ್ನಾ ಮಾಡೋ ಅಧಿಕಾರ ಬ್ರಾಂಚ್ ಇಲ್ಲಾ ಏರಿಯಾ ಮಟ್ಟದಲ್ಲಿ ಸ್ವಲ್ಪ ಇರುತ್ತೆ. ಕಂತೆಲ್ಲ ತೀರಿಸೋ ದಿನ ಕೇಳಿದ್ರೆ ಸಿಗೋ ಸಾಧ್ಯತೆ ಹೆಚ್ಚು.

ನ್ಯಾಚ್ ಕ್ಯಾನ್ಸಲ್ ಮಾಡಿಸ್ತೀನಿ ಅಂತ ಹೋಗಬೇಡಿ. ಮ್ಯಾಂಡೇಟ್ ಬೌನ್ಸ್ ಆದ್ರೂ ಪೇಮೆಂಟ್ ಆ್ಯಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ ಸೆಕ್ಷನ್ 25ರಲ್ಲಿ ಚೆಕ್ ಬೌನ್ಸ್ ಥರವೇ ಕೇಸ್ ಹಾಕಬಹುದು. ನವೆಂಬರ್ 5ಕ್ಕೆ ನ್ಯಾಚ್ ಬಂದಾಗ ಅಕೌಂಟಲ್ಲಿ ದುಡ್ಡಿಲ್ಲದಿದ್ರೆ ಕಂಪನಿ ಚಾರ್ಜ್ ಒಂದು ಕಡೆ, ನಿಮ್ಮ ಬ್ಯಾಂಕಿನ ರಿಟರ್ನ್ ಚಾರ್ಜ್ ಇನ್ನೊಂದು ಕಡೆ. ಸಂಬಳ 5ಕ್ಕೋ 6ಕ್ಕೋ ಅನ್ನೋದು ಖಚಿತ ಇಲ್ಲದಿದ್ರೆ, ಕಂತಿನ ತಾರೀಕನ್ನ 10ಕ್ಕೆ ಬದಲಾಯಿಸಿಕೊಡಿ ಅಂತ ಈಗಲೇ ಅರ್ಜಿ ಕೊಡಿ. ಬಾಕಿ ಇರೋವಾಗ ಒಪ್ಪೋದು ಕಷ್ಟ, ಆದ್ರೂ ಕೇಳಿಟ್ಟಿರಿ.

"ರೀಸ್ಟ್ರಕ್ಚರ್ ಮಾಡಿಕೊಡಿ" ಅಂತ ಕೇಳೋಕೆ ಹಲವರು ಸಲಹೆ ಕೊಡ್ತಾರೆ. ಎರಡು-ಮೂರು ಕಂತಿನ ಬಾಕಿಗೆ ಅದು ಬೇಡ. ಸಾಮಾನ್ಯವಾಗಿ ರೀಸ್ಟ್ರಕ್ಚರ್ ಆದ ಲೋನ್ ಎನ್‌ಪಿಎ ಆಗಿಬಿಡುತ್ತೆ, ಸಿಬಿಲ್‌ನಲ್ಲೂ ಆ ಗುರುತು ಬೀಳುತ್ತೆ. ಸಂಬಳ ಶುರುವಾದ ಮೇಲೆ ತಿಂಗಳಿಗೆ ಒಂದೂವರೆ ಕಂತು, ಅಂದ್ರೆ 19,122, ಎತ್ತಿಡೋಕೆ ಆದ್ರೆ ಎರಡು ತಿಂಗಳಿಗೊಂದು ಹಳೇ ಕಂತು ತೀರುತ್ತೆ. ಆ ಅರ್ಧವನ್ನ ಮೊದಲ ತಿಂಗಳು ಕೈಯಲ್ಲೇ ಇಟ್ಕೊಂಡು, ಮುಂದಿನ ತಿಂಗಳು ಪೂರ್ತಿ ಕಂತಾಗಿ ಹಾಕಿ.

ಕೋರ್ಟ್_ಕಟ್ಟೆ

ಸೀಜಿಂಗ್ ವಿಚಾರಕ್ಕೆ ಬರ್ತೀನಿ. ಎರಡೂ ಕಡೆ ತಪ್ಪು ತಿಳುವಳಿಕೆ ಇದೆ. "ಕೋರ್ಟ್ ಆರ್ಡರ್ ಇಲ್ಲದೆ ಗಾಡಿ ಮುಟ್ಟೋ ಹಾಗೇ ಇಲ್ಲ" ಅನ್ನೋದು ತಪ್ಪು. ಅಗ್ರಿಮೆಂಟಲ್ಲಿ ರಿಪೊಸೆಷನ್ ಷರತ್ತು ಇದ್ರೆ, ಅದರಂತೆ ನೋಟಿಸ್ ಕೊಟ್ಟು, ಬಲವಂತ ಇಲ್ಲದೆ ಗಾಡಿ ತಗೋಬಹುದು. "ಸೈನ್ ಮಾಡಿದೀರ, ಎಲ್ಲಿ ಬೇಕಾದ್ರೂ ನಿಲ್ಲಿಸಿ ಕೀ ಕಿತ್ಕೋತೀವಿ" ಅನ್ನೋದೂ ತಪ್ಪು. ಗೂಂಡಾಗಳನ್ನ ಬಿಟ್ಟು ವಸೂಲಿ ಮಾಡೋದನ್ನ ಸುಪ್ರೀಂ ಕೋರ್ಟ್ 2007ರ ಪ್ರಕಾಶ್ ಕೌರ್ ಪ್ರಕರಣದಲ್ಲೇ ಖಂಡಿಸಿದೆ. ಗಾಡಿ ವಾಪಸ್ ಪಡೆಯೋದೂ ಕಾನೂನಿನ ದಾರಿಯಲ್ಲೇ ಆಗಬೇಕು ಅಂತ 2011ರ ಕೊನೆಯ ಸಿಟಿಕಾರ್ಪ್ ಮಾರುತಿ ತೀರ್ಪಲ್ಲಿ ಮತ್ತೆ ಹೇಳಿದೆ.

ಎನ್‌ಬಿಎಫ್‌ಸಿಗಳ ಫೇರ್ ಪ್ರಾಕ್ಟೀಸಸ್ ಕೋಡ್ ಪ್ರಕಾರ ನಿಮ್ಮ ಅಗ್ರಿಮೆಂಟಲ್ಲಿ ಇಷ್ಟು ಇರಲೇಬೇಕು: ವಶಕ್ಕೆ ತಗೊಳ್ಳೋ ಮುಂಚಿನ ನೋಟಿಸ್ ಅವಧಿ, ಯಾವ ಸಂದರ್ಭದಲ್ಲಿ ಆ ನೋಟಿಸ್ ಬೇಡ, ವಶಕ್ಕೆ ತಗೊಳ್ಳೋ ವಿಧಾನ, ಮಾರೋ ಮುಂಚೆ ಕಟ್ಟೋಕೆ ಕೊನೇ ಅವಕಾಶ, ಗಾಡಿ ವಾಪಸ್ ಕೊಡೋ ವಿಧಾನ, ಹರಾಜಿನ ವಿಧಾನ. ಆ ಪುಟ ಇವತ್ತೇ ಹುಡುಕಿ ಓದಿ. ನೋಟಿಸ್ ಬಂದಿದೆಯಾ ಅಂತ ಆರ್‌ಸಿಯಲ್ಲಿರೋ ಹಳೇ ವಿಳಾಸದಲ್ಲೂ ವಿಚಾರಿಸಿ. ಮನೆ ಬದಲಾಯಿಸಿ ಕಂಪನಿಗೆ ತಿಳಿಸದೆ ಇದ್ದವರು "ನೋಟಿಸೇ ಬಂದಿಲ್ಲ" ಅಂದ್ರೆ ನಿಲ್ಲಲ್ಲ. ಸಾಲಗಾರನಿಗೆ ಅರ್ಥವಾಗೋ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡಬೇಕು ಅಂತಲೂ ಆ ಕೋಡ್‌ನಲ್ಲಿದೆ, ಕನ್ನಡದಲ್ಲಿ ಕೊಡಿ ಅಂತ ಕೇಳಿ.

ರಸ್ತೇಲಿ ನಿಲ್ಲಿಸಿದ್ರೆ ಗಾಡಿ ಒಳಗೇ ಇದ್ದು, ಗ್ಲಾಸ್ ಸ್ವಲ್ಪ ಇಳಿಸಿ, ಮೂರು ಕೇಳಿ: ಗುರುತಿನ ಚೀಟಿ, ನಿಮ್ಮ ಲೋನ್ ನಂಬರ್ ಇರೋ ಅಧಿಕಾರ ಪತ್ರ, ನಿಮಗೆ ಕಳಿಸಿದ ನೋಟಿಸಿನ ಪ್ರತಿ. ಮೊಬೈಲಲ್ಲಿ ರೆಕಾರ್ಡ್ ಮಾಡಿ. ಕೈ ಮಾಡಿದ್ರೆ, ಕೀ ಕಿತ್ಕೊಂಡ್ರೆ 112. ಪೊಲೀಸರು "ಇದು ಸಿವಿಲ್ ವಿಷಯ" ಅಂತಾರೆ. ಸಾಲ ಸಿವಿಲ್, ಹಲ್ಲೆ ಸಿವಿಲ್ ಅಲ್ಲ. ಹಾಗಂತ ನೀವೂ ಕೈ ಎತ್ತಬೇಡಿ, ಗಾಡಿ ಬಚ್ಚಿಡಬೇಡಿ, ಬೇರೆಯವರಿಗೆ ಕೊಟ್ಟು ಮಾಯ ಮಾಡಬೇಡಿ. ಅಡವಿಟ್ಟ ಗಾಡಿ ಕಾಣೆಯಾದ್ರೆ ನಿಮ್ಮ ಮೇಲೇ ನಂಬಿಕೆ ದ್ರೋಹದ ದೂರು ಬರಬಹುದು.

ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳೋದು ಒಂದು ಕಾಗದದಲ್ಲಿ. ಸರೆಂಡರ್ ಲೆಟರ್. "ಗಾಡಿ ಯಾರ್ಡಿಗೆ ಹಾಕ್ತೀವಿ, ರಸೀದಿಗೆ ಸೈನ್ ಮಾಡಿ" ಅಂತ ಕೊಡ್ತಾರೆ. ಓದಿದ್ರೆ "ಸ್ವಇಚ್ಛೆಯಿಂದ ಒಪ್ಪಿಸಿದ್ದೇನೆ" ಅಂತಿರುತ್ತೆ. ಅದಕ್ಕೆ ಸೈನ್ ಬಿದ್ರೆ ನೋಟಿಸ್ ಕೊಟ್ಟಿಲ್ಲ, ಬಲವಂತ ಮಾಡಿದ್ರು ಅನ್ನೋ ವಾದ ಬಹುಪಾಲು ಮುಗೀತು. ಸೈನ್ ಮಾಡೋದಾದ್ರೆ ಇನ್ವೆಂಟರಿ ಪಟ್ಟಿಗೆ ಮಾತ್ರ: ಓಡೋಮೀಟರ್, ಟೈರ್, ಸ್ಟೆಪ್ನಿ, ಬ್ಯಾಟರಿ, ಸ್ಟೀರಿಯೊ, ಒಳಗಿದ್ದ ಸ್ವಂತ ಸಾಮಾನು, ಎಲ್ಲಾ ಬರೆಸಿ ಫೋಟೊ ತೆಗೆದಿಟ್ಟುಕೊಳ್ಳಿ.

ಫೋನ್ ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಬರೋ ಹಾಗಿಲ್ಲ. 2022ರ ಆಗಸ್ಟ್ 12ರ ಆರ್‌ಬಿಐ ಸುತ್ತೋಲೆ. ಮನೆಯವರು, ಸ್ನೇಹಿತರು, ರೆಫರೆನ್ಸ್ ಕೊಟ್ಟವರಿಗೆ ಕಾಟ ಕೊಟ್ಟು ಮರ್ಯಾದೆ ಕಳೆಯೋದನ್ನೂ ಅದೇ ಸುತ್ತೋಲೆ ನಿಷೇಧಿಸಿದೆ. ಗ್ಯಾರಂಟರ್ ಇದ್ರೆ ಮಾತ್ರ ಬೇರೆ ಮಾತು, ಅವರ ಹೊಣೆ ನಿಮ್ಮಷ್ಟೇ.

ವಾಟ್ಸ್ಆ್ಯಪ್‌ನಲ್ಲಿ ಬರೋ "ಅರೆಸ್ಟ್ ವಾರಂಟ್" ಚಿತ್ರಗಳಿಗೆ ಹೆದರಬೇಡಿ, ಕಂತು ಕಟ್ಟದೆ ಇದ್ದದ್ದಕ್ಕೇ ಅರೆಸ್ಟ್ ಇಲ್ಲ. ಲೋಕ ಅದಾಲತ್ ನೋಟಿಸ್ ಅಂದ್ರೆ ರಾಜಿಗೆ ಕರೆ, ಅಷ್ಟೇ. ಆದ್ರೆ ಚೆಕ್ ಬೌನ್ಸ್‌ನ ಸೆಕ್ಷನ್ 138 ಇಲ್ಲಾ ಮೇಲೆ ಹೇಳಿದ ಸೆಕ್ಷನ್ 25ರ ನೋಟಿಸ್ ನಿಜವಾಗಿ ಬಂದ್ರೆ ಕೈಸೇರಿದ 15 ದಿನದಲ್ಲಿ ಆ ಮೊತ್ತ ಕಟ್ಟಿ, ಕೇಸ್ ಹುಟ್ಟೋದೇ ಇಲ್ಲ. ಕೋರ್ಟಿಂದ ಸಮನ್ಸ್ ಬಂದ ಮೇಲೂ ಹೋಗದೆ ಇದ್ರೆ ವಾರಂಟ್ ನಿಜವಾಗಿಯೂ ಬರುತ್ತೆ.

ಕಂಪನಿಯೇ ನೇಮಿಸಿದ ಆರ್ಬಿಟ್ರೇಟರ್‌ನಿಂದ (ಕೋರ್ಟ್ ಹೊರಗೆ ವ್ಯಾಜ್ಯ ತೀರ್ಮಾನಿಸೋ ಮಧ್ಯಸ್ಥ) ಗಾಡಿ ವಶಕ್ಕೆ ಆದೇಶ ತರೋದು ಈಗ ಮಾಮೂಲು. ಒಂದೇ ಪಕ್ಷ ತನಗೆ ಬೇಕಾದವರನ್ನ ನೇಮಿಸೋದು ಸಲ್ಲದು ಅಂತ ಸುಪ್ರೀಂ ಕೋರ್ಟ್ 2019ರ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿದೆ. ನೋಟಿಸ್ ಬಂದ ಕೂಡಲೇ ಬರವಣಿಗೆಯಲ್ಲಿ ಆಕ್ಷೇಪಣೆ ಕಳಿಸಿ, ಸುಮ್ಮನಿರಬೇಡಿ.

ದೂರು: ಮೊದಲು ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ಇ-ಮೇಲ್. 30 ದಿನದಲ್ಲಿ ಉತ್ತರ ಬರದಿದ್ರೆ, ಬಂದ ಉತ್ತರ ಸರಿ ಇಲ್ಲದಿದ್ರೆ ಆರ್‌ಬಿಐನ ಸಿಎಂಎಸ್ ಪೋರ್ಟಲ್‌ನಲ್ಲಿ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸೋ ಅಧಿಕಾರಿ), ಶುಲ್ಕ ಇಲ್ಲ, ಸಹಾಯವಾಣಿ 14448. ಆದ್ರೆ ಒಂಬುಡ್ಸ್‌ಮನ್ ದೂರು ಸೀಜಿಂಗನ್ನ ತಾನಾಗಿ ನಿಲ್ಲಿಸಲ್ಲ. ತುರ್ತಾಗಿ ತಡೆ ಬೇಕಂದ್ರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಮಧ್ಯಂತರ ಆದೇಶ ಕೇಳಬೇಕು. ಅಲ್ಲೂ "ಬಾಕಿಯಲ್ಲಿ ಇಷ್ಟು ಕಟ್ಟಿ" ಅಂತ ಹೇಳೋದೇ ಹೆಚ್ಚು. ಮೂರು ಕಂತಿಗೆ ಇದೆಲ್ಲ ಬೇಡ, ಒಂದು ಕಂತು ಕಟ್ಟಿ ಮೇಲ್ ಹಾಕಿದ್ರೆ ಸಾಕು.

ಕ್ಯಾತ್ಸಂದ್ರ_ಗೇಟ್

ತುಂಬಾ ಥ್ಯಾಂಕ್ಸ್ ಸರ್. ನಾಳೆ 12,748 ಕಟ್ತೀನಿ. ಇನ್ನೊಂದು ಕೇಳಬೇಕಿತ್ತು. ಮನೇಲಿ ಗಾಡಿ ಮಾರಿಬಿಡೋಣ ಅಂತಿದಾರೆ. ಸೆಕೆಂಡ್ ಹ್ಯಾಂಡ್ ಡೀಲರ್ ಒಬ್ಬರು 4.80 ಲಕ್ಷ ಅಂದ್ರು. ಪರಿಚಯದವರೊಬ್ಬರು "ಗಾಡಿ ಕೊಡಿ, ಒಂದು ಲಕ್ಷ ಕೈಗೆ ಕೊಡ್ತೀನಿ, ಉಳಿದ ಕಂತು ನಾನೇ ಕಟ್ಕೊಂಡು ಹೋಗ್ತೀನಿ" ಅಂತಿದಾರೆ. ಯಾವುದು ವಾಸಿ?

ಫಾರಂ_ಮೂವತ್ತೈದು

ಎರಡನೇದು ಬೇಡವೇ ಬೇಡ. ಕಂತು ಅವರು ಕಟ್ಟದಿದ್ರೆ ಸಿಬಿಲ್ ನಿಮ್ಮದು, ಆ್ಯಕ್ಸಿಡೆಂಟ್ ಆದ್ರೆ ಆರ್‌ಸಿ ಓನರ್ ನೀವು, ಟ್ರಾಫಿಕ್ ಫೈನ್ ನಿಮ್ಮ ನಂಬರ್‌ಗೆ, ಗಾಡಿ ಎಲ್ಲಿದೆ ಅಂತ ಫೈನಾನ್ಸ್‌ನವರು ಹಿಡಿಯೋದೂ ನಿಮ್ಮನ್ನೇ. ಛಾಪಾ ಕಾಗದದ ಮೇಲೆ ಬರೆಸಿಕೊಂಡ್ರೂ ಫೈನಾನ್ಸ್ ಕಂಪನಿಗೆ ಅದು ಅನ್ವಯ ಆಗಲ್ಲ.

ಡೀಲರ್ ಲೆಕ್ಕ ನೋಡಿ. ಅಕ್ಟೋಬರ್ ಕಂತು ಬಿಟ್ಟು ಮುಂದೆ ಉಳಿದಿರೋ 31 ಕಂತಿನ ಅಸಲು ಸುಮಾರು 3.47 ಲಕ್ಷ. ಬಾಕಿ ಮೂರು ಕಂತು 38,244. ಬೌನ್ಸ್, ಪೀನಲ್ 2,440. ಫೋರ್‌ಕ್ಲೋಷರ್ ಚಾರ್ಜ್ (ಲೋನ್ ಅವಧಿಗೆ ಮುಂಚೆ ಮುಗಿಸೋ ಶುಲ್ಕ) 4% ಅಂತ ಇದ್ರೆ ಜಿಎಸ್‌ಟಿ ಸೇರಿ 16,400 ಹತ್ತಿರ. ಒಟ್ಟು 4.04 ಲಕ್ಷ. 4.80ಕ್ಕೆ ಹೋದ್ರೆ ಕೈಗೆ 76 ಸಾವಿರದಷ್ಟು ಉಳಿಯುತ್ತೆ. ಇದೇ ಗಾಡಿ ಸೀಜ್ ಆಗಿ ಹರಾಜಿಗೆ ಹೋದ್ರೆ ಡೀಲರ್‌ಗಳು ಲಾಭ ಬಿಟ್ಟು ಬಿಡ್ ಹಾಕ್ತಾರೆ, ಅದರ ಮೇಲೆ ಸೀಜಿಂಗ್ ಖರ್ಚು, ಯಾರ್ಡ್ ಬಾಡಿಗೆ ನಿಮ್ಮ ಲೆಕ್ಕಕ್ಕೆ. ಕಮ್ಮಿ ಬಿದ್ರೆ ನೀವು ತುಂಬಬೇಕು. ಹೆಚ್ಚು ಬಂದ್ರೆ ನಿಮಗೆ ಕೊಡಬೇಕು, ಆದ್ರೆ ತಾವಾಗಿ ಕರೆದು ಕೊಡ್ತಾರೆ ಅಂತ ಕಾಯಬೇಡಿ.

ಮಾರೋ ಕ್ರಮ ಹೀಗೆ. ಕಂಪನಿಯಿಂದ ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್ ತಗೊಳ್ಳಿ. ಅದರ ಮೇಲೆ ಎಷ್ಟು ದಿನ ಊರ್ಜಿತ ಅಂತ ಬರೆದಿರುತ್ತೆ, ಅದು ದಾಟಿದ್ರೆ ಹೊಸದು ಬೇಕು. ಡೀಲರ್ ಆ ಮೊತ್ತವನ್ನ ನೇರ ನಿಮ್ಮ ಲೋನ್ ಅಕೌಂಟಿಗೆ ಆರ್‌ಟಿಜಿಎಸ್ ಮಾಡಲಿ, ಉಳಿದದ್ದು ನಿಮ್ಮ ಅಕೌಂಟಿಗೆ. ಆಮೇಲೆ ಕಂಪನಿ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಮತ್ತು ಫಾರಂ 35 ಕೊಡುತ್ತೆ. ಆರ್‌ಟಿಒದಲ್ಲಿ ಎಚ್‌ಪಿ (ಆರ್‌ಸಿಯಲ್ಲಿರೋ ಸಾಲದ ನಮೂದು) ರದ್ದಾಗೋದು ಆ ಫಾರಂ ಮೇಲೇ. ಫಾರಂ 29, 30 ಓನರ್‌ಶಿಪ್ ಟ್ರಾನ್ಸ್‌ಫರ್‌ಗೆ. ಎನ್‌ಒಸಿ ಬರೋವರೆಗೆ ಡೀಲರ್ ಒಂದಿಷ್ಟು ದುಡ್ಡು ಹಿಡಿದಿಟ್ಕೊಳ್ಳೋದು ಸಹಜ, ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಗಾಡಿ ಕೊಡೋ ದಿನ ತಾರೀಕು, ಸಮಯ ಹಾಕಿದ ಡೆಲಿವರಿ ನೋಟ್‌ಗೆ ಅವರ ಸೈನ್ ಬೇಕು. ಅಲ್ಲಿಂದಾಚೆಯ ಫೈನ್‌ಗೆ ಅದೇ ನಿಮಗೆ ಆಧಾರ.

2026ರ ಜನವರಿಯಿಂದ ಫೋರ್‌ಕ್ಲೋಷರ್ ಚಾರ್ಜ್ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ಅದಕ್ಕೆ ಕಾಯಬೇಡಿ. ಆ ನಿಯಮ ಫ್ಲೋಟಿಂಗ್ ದರದ, ಆ ದಿನದಿಂದಾಚೆಗೆ ಮಂಜೂರಾದ ಇಲ್ಲಾ ನವೀಕರಣ ಆದ ಲೋನ್‌ಗಳಿಗೆ. ನಿಮ್ಮದು ಫಿಕ್ಸೆಡ್.

"ಸೆಟಲ್‌ಮೆಂಟ್ ಮಾಡ್ಕೊಳ್ಳಿ, ಕಮ್ಮಿ ಮಾಡ್ತೀವಿ" ಅಂದ್ರೂ ಗಾಡಿಯ ಬೆಲೆ ಸಾಲಕ್ಕಿಂತ ಹೆಚ್ಚಿರೋವಾಗ ಒಪ್ಪೋಕೆ ಹೋಗಬೇಡಿ. ಸಿಬಿಲ್‌ನಲ್ಲಿ "ಕ್ಲೋಸ್ಡ್" ಬದಲು "ಸೆಟಲ್ಡ್" ಅಂತ ಬಿದ್ರೆ ಮುಂದೆ ಮನೆ ಲೋನ್‌ಗೆ ಹೋದಾಗ ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ.

ಸಂಬಳ ಖಾತ್ರಿ ಇದ್ರೆ ನನ್ನ ಮಟ್ಟಿಗೆ ಮಾರೋ ಅವಶ್ಯಕತೆ ಇಲ್ಲ. ಮಾರಲಿ ಬಿಡಲಿ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ ನೋಡಿ. ಕಂತಿಗೆ ದುಡ್ಡಿಲ್ಲ ಅಂತ ಅದನ್ನ ಬಿಟ್ಟವರು ಬಹಳ. ಥರ್ಡ್ ಪಾರ್ಟಿ ಇಲ್ಲದೆ ಓಡಿಸಿದ್ರೆ ಮೊದಲ ಸಲಕ್ಕೆ 2,000 ಫೈನ್, ಅದು ಸಣ್ಣದು. ಯಾರಿಗಾದ್ರೂ ಪೆಟ್ಟಾದ್ರೆ ಪರಿಹಾರ ಪೂರ್ತಿ ಓನರ್ ತಲೆ ಮೇಲೆ. ಇನ್ಶೂರೆನ್ಸ್ ಚಾಲ್ತಿಯಲ್ಲಿ ಇಡದೆ ಇರೋದು ಲೋನ್ ಅಗ್ರಿಮೆಂಟಿಗೂ ವಿರುದ್ಧ, ಸೀಜ್ ಮಾಡೋಕೆ ಅದೂ ಒಂದು ಕಾರಣ ಆಗುತ್ತೆ.

ಕ್ಯಾತ್ಸಂದ್ರ_ಗೇಟ್

ಇನ್ಶೂರೆನ್ಸ್ ಜೂನ್‌ವರೆಗೆ ಇದೆ. ನಾಳೆ ಕಟ್ಟೋದಕ್ಕೆ ಏಜೆಂಟ್ ಕಳಿಸಿರೋ ಲಿಂಕ್ ಬಳಸಬಹುದಾ?

ಎರಡನೇ_ಬಕೆಟ್

ಬೇಡ. ಮೆಸೇಜ್‌ನಲ್ಲಿ ಬಂದ ಲಿಂಕ್ ಕಂಪನಿದೋ ಅಲ್ಲವೋ ಹೇಳೋಕಾಗಲ್ಲ, ಕಂಪನಿದೇ ಆದ್ರೂ 48,500 ಅಂತ ಫಿಕ್ಸ್ ಆಗಿರುತ್ತೆ. ಆ್ಯಪ್‌ನಲ್ಲಿ ನೀವೇ ಲಾಗಿನ್ ಆಗಿ 12,748 ಹಾಕಿ. ಸ್ಕ್ರೀನ್‌ಶಾಟ್ ಸಾಲದು, ರಸೀದಿ ಪಿಡಿಎಫ್ ಇಳಿಸಿಕೊಳ್ಳಿ. ಬುಧವಾರದೊಳಗೆ ಸ್ಟೇಟ್‌ಮೆಂಟಲ್ಲಿ ಆಗಸ್ಟ್ ಕಂತು ಜಮಾ ಅಂತ ಬರದಿದ್ರೆ ಯುಟಿಆರ್ ನಂಬರ್ ಹಿಡ್ಕೊಂಡು ಬ್ರಾಂಚಿಗೆ ಹೋಗಿ.